ಒಂದೇ ಒಂದು ಸಾಲು ತಾನೆ!

ಗುಂಡ: ಸಾಫ್ಟ್‌ವೇರ್ ಹಾಕೋದು ಕಷ್ಟದ ಕೆಲಸ, ಒಪ್ಕೊಳ್ತೀನಿ. ಹಾಕಿದ ಮೇಲೆ ಹೋಸ್ಟ್ಸ್ ಫೈಲಿಗೆ, ಅಂದ್ರೆ ಯಾವ ಮೆಶೀನಿನ ಹೆಸರಿಗೆ ಯಾವ ವಿಳಾಸ ಅಂತ ಬರೆದಿಡೋ ಫೈಲಿಗೆ, ಒಂದು ಸಾಲು ಸೇರಿಸೋಕೂ ಇಷ್ಟು ಯೋಚನೆ ಬೇಕಾ? 400 ಮೆಶೀನ್ ಇರಲಿ, 4,000 ಇರಲಿ. ಎಕೋ ಅಂತ ಹಾಕಿ ಸಾಲು ಬರಿ, ಎರಡು ಬಾಣದ ಗುರುತು (>>) ಹಾಕು, ಫೈಲಿನ ಹೆಸರು ಕೊಡು. ಮುಗೀತು.

ಶೀನಣ್ಣ: ಮುಗಿಯೋದೇನೋ ನಿಜ. ಯಾರ ಕಥೆ ಅನ್ನೋದಷ್ಟೇ ಪ್ರಶ್ನೆ. ಆ ಫೈಲಿನ ಕೊನೇ ಸಾಲಿನ ತುದೀಲಿ ಎಂಟರ್ ಹೊಡೆದಿದ್ದಾರೋ ಇಲ್ವೋ, ಗೊತ್ತಾ ನಿನಗೆ?

ಗುಂಡ: ಒಂದು ಎಂಟರ್ ಇಲ್ದಿದ್ರೆ ಏನು ಮುಳುಗಿಹೋಗುತ್ತೆ?

ಶೀನಣ್ಣ: ಕೇಳು. ಕೊನೇ ಸಾಲಲ್ಲಿ '10.0.0.5 ಪ್ರಿಂಟ್1' ಅಂತಿದೆ, ಎಂಟರ್ ಇಲ್ಲ. ನೀನು '10.0.0.6 ಬಿಲ್ಲಿಂಗ್' ಅಂತ ತಂದು ಅಂಟಿಸ್ತೀಯ. ಈಗ ಸಾಲು ಏನಾಯ್ತು? '10.0.0.5 ಪ್ರಿಂಟ್110.0.0.6 ಬಿಲ್ಲಿಂಗ್'. ಒಂದು ವಿಳಾಸದ ಮುಂದೆ ಒಂದಕ್ಕಿಂತ ಹೆಚ್ಚು ಹೆಸರು ಇರೋದು ಹೋಸ್ಟ್ಸ್ ಫೈಲಲ್ಲಿ ತಪ್ಪಲ್ಲ, ಹಾಗಾಗಿ ಯಾವ ಎರರೂ ಬರಲ್ಲ. ಪ್ರಿಂಟ್1 ಮಾಯ. ಬಿಲ್ಲಿಂಗ್ ಪ್ರೋಗ್ರಾಮು ಹೋಗಿ ಪ್ರಿಂಟರ್ ಸರ್ವರಿನ ಬಾಗಿಲು ತಟ್ತಾ ನಿಂತಿರುತ್ತೆ.

ಪದ್ಮಕ್ಕ: ಬಯ್ಗುಳ ಮಾತ್ರ ನೆಟ್‌ವರ್ಕ್‌ನೋರಿಗೆ.

ಗುಂಡ: ಸರಿ, ಮೊದಲು ಒಂದು ಖಾಲಿ ಸಾಲು, ಆಮೇಲೆ ನನ್ನ ಸಾಲು. ಈಗ?

ಶೀನಣ್ಣ: ಎಲ್ಲಾ ಮೆಶೀನಿಗೂ ಸಾಫ್ಟ್‌ವೇರ್ ಹಂಚೋ ಡಿಪ್ಲಾಯ್ಮೆಂಟ್ ಟೂಲು ಒಂದೇ ಸಲ ಓಡುತ್ತೆ ಅಂದ್ಕೊಂಡ್ಯಾ? ಅರ್ಧದಲ್ಲಿ ರೀಬೂಟ್ ಆಯ್ತು, ಮತ್ತೆ ಓಡ್ತು. ಎರರ್ ಕೋಡ್ ಬಂತು, ಮತ್ತೆ ಓಡ್ತು. ಯಾರೋ ರಿಪೇರಿ ಒತ್ತಿದ್ರು, ಮತ್ತೆ. ಹುಡುಕದೆ ಸೇರಿಸ್ತಾ ಹೋದ್ರೆ ಒಂದೇ ಸಾಲು ವಿಷ್ಣು ಸಹಸ್ರನಾಮದ ಥರ ಬೆಳೀತಾ ಹೋಗುತ್ತೆ. ಮೊದಲು ಹುಡುಕು, ಇದ್ರೆ ಬದಲಾಯಿಸು, ಇಲ್ದಿದ್ರೆ ಸೇರಿಸು, ಆಗಲೇ ಸರಿಯಾಗಿದ್ರೆ ಫೈಲ್ ಮುಟ್ಟಲೇಬೇಡ.

ಪದ್ಮಕ್ಕ: ಹುಡುಕೋದೂ ಪೂರ್ತಿ ಸಾಲನ್ನಲ್ಲ, ಹೆಸರನ್ನ. ಪೂರ್ತಿ ಸಾಲು ಹುಡುಕಿದ್ರೆ ನಾಳೆ ವಿಳಾಸ ಬದಲಾದಾಗ ಹಳೇದು ಸಿಗೋದೇ ಇಲ್ಲ. ಹಳೇದೂ ಇರುತ್ತೆ, ಹೊಸದೂ ಇರುತ್ತೆ, ಎರಡು ಮನೆಗೆ ಒಂದೇ ಬೋರ್ಡು.

ಗುಂಡ: ಅಕ್ಷರಗಳ ಮಾದರಿ ಕೊಟ್ಟು ಹುಡುಕೋ ರೆಗ್ಯುಲರ್ ಎಕ್ಸ್‌ಪ್ರೆಶನ್ ಗೊತ್ತು ಬಿಡಿ ನನಗೆ. ಸೆಟ್ಟಿಂಗ್ ಫೈಲಲ್ಲಿ 'ಪೋರ್ಟ್' ಇರೋ ಸಾಲು ಹುಡುಕು, '8443' ಹಾಕು.

ಪದ್ಮಕ್ಕ: ಹಾಕು. 'ರಿಪೋರ್ಟ್' ಇರೋ ಸಾಲಿಗೂ 8443, 'ಸಪೋರ್ಟ್' ಇರೋ ಸಾಲಿಗೂ 8443. ಸಾಲಿನ ಶುರುವಿಗೆ ಕ್ಯಾರೆಟ್ ಗುರುತು (^) ಹಾಕಿ ಕಟ್ಟಬೇಕು, ಹೆಸರಾದ ಮೇಲೆ ಸಮ ಚಿಹ್ನೆ ಇರಲೇಬೇಕು, ನಡುವೆ ಸ್ಪೇಸ್ ಇದ್ರೂ ಇರಬಹುದು. ವಿಳಾಸದೊಳಗಿನ ಚುಕ್ಕಿ ಅಂದ್ರೆ ಅದರ ಲೆಕ್ಕದಲ್ಲಿ 'ಯಾವ ಅಕ್ಷರವಾದ್ರೂ ಸೈ', ಅದರ ಹಿಂದೆ ಬ್ಯಾಕ್‌ಸ್ಲ್ಯಾಶ್ ಬೇಕು. ಬಹಳ ಮೆಶೀನಿನ ಸೆಟ್ಟಿಂಗ್ ಒಟ್ಟಿಗೆ ಮಾಡೋ ಆನ್ಸಿಬಲ್‌ನ ಲೈನ್‌ಇನ್‌ಫೈಲ್ ಇನ್ನೊಂದು ಥರ: ನಿಮ್ಮ ಪ್ಯಾಟರ್ನ್‌ಗೆ ಮೂರು ಸಾಲು ಸಿಕ್ಕಿದ್ರೂ ಕೊನೇದನ್ನ ಮಾತ್ರ ಬದಲಾಯಿಸುತ್ತೆ. ಬದಲಾದ ಸಾಲೂ ಅದೇ ಪ್ಯಾಟರ್ನ್‌ಗೆ ಸಿಗಬೇಕು, ಇಲ್ಲಾಂದ್ರೆ ಮುಂದಿನ ಸಲ ಗುರುತು ಹಿಡಿಯಲ್ಲ.

ಗುಂಡ: ಬ್ಯಾಚ್ ಫೈಲೇ ವಾಸಿ ಅನ್ಸುತ್ತೆ.

ಶೀನಣ್ಣ: ವಾಸಿನಾ? 'ಎಕೋ ರೀಟ್ರೈ 1' ಅಂತ ಬರೆದು, ಆ 1ಕ್ಕೆ ತಾಗಿಸಿ ಬಾಣ ಹಾಕಿ ನೋಡು. ಆ 1 ನಿನ್ನ ಸಾಲಿನದ್ದಲ್ಲ, ಔಟ್‌ಪುಟ್‌ನ ನಂಬರ್ ಅಂದ್ಕೊಂಡು ನುಂಗುತ್ತೆ. ಫೈಲಲ್ಲಿ ಬರೀ 'ರೀಟ್ರೈ'. ನುಂಗದಿರಲಿ ಅಂತ ಸ್ಪೇಸ್ ಬಿಟ್ರೆ ಆ ಸ್ಪೇಸೂ ಫೈಲಿಗೆ ಹೋಗಿ ಕೂರುತ್ತೆ, ಪಾಸ್‌ವರ್ಡ್ ಆಗಿದ್ರೆ ಅಷ್ಟೇ ಕಥೆ. ಬಾಣ ಮತ್ತು ಫೈಲಿನ ಹೆಸರನ್ನ ಮುಂದಕ್ಕೆ ತಂದು, ಎಕೋನ ಆಮೇಲೆ ಬರೆದ್ರೆ ಎರಡು ತೊಂದರೇನೂ ಇಲ್ಲ.

ಗುಂಡ: ಅಯ್ಯೋ, ವಿಂಡೋಸ್‌ನ ಇನ್ನೊಂದು ಸ್ಕ್ರಿಪ್ಟ್ ಭಾಷೆ ಪವರ್‌ಶೆಲ್ಲೇ ಗತಿ ಹಾಗಾದ್ರೆ.

ಶೀನಣ್ಣ: ಯಾವ ಪವರ್‌ಶೆಲ್? ವಿಂಡೋಸ್ ಜತೆಗೇ ಬರೋ 5.1ರಲ್ಲಿ ಬಾಣ ಹಾಕಿ ಬರೆದ್ರೆ ಎನ್‌ಕೋಡಿಂಗ್, ಅಂದ್ರೆ ಅಕ್ಷರಾನ ಬೈಟಾಗಿ ಬರೆಯೋ ರೀತಿ, ಯುಟಿಎಫ್-16. ಸೆಟ್-ಕಂಟೆಂಟ್ ಅಂದ್ರೆ ಹಳೇ ಆನ್ಸಿ. ಯುಟಿಎಫ್-8 ಬೇಕು ಅಂತ ಬಾಯಿಬಿಟ್ಟು ಕೇಳಿದ್ರೆ ಕೊಡುತ್ತೆ, ಆದರೆ ತಲೆ ಮೇಲೆ ಎನ್‌ಕೋಡಿಂಗ್ ಗುರುತು ಹೇಳೋ ಬಾಮ್ ಅನ್ನೋ ಮೂರು ಬೈಟಿನ ಟೋಪಿ ಇಟ್ಟು ಕೊಡುತ್ತೆ. 7ರಲ್ಲಿ ಆ ಟೋಪಿ ಇಲ್ಲ. ಈಗ ಆನ್ಸಿ ಫೈಲಿಗೆ 5.1ರಿಂದ ಎರಡು ಬಾಣ ಹಾಕಿ ಸೇರಿಸು: ಮೇಲಿನ ಅರ್ಧ ಆನ್ಸಿ, ಕೆಳಗಿನ ಅರ್ಧ ಯುಟಿಎಫ್-16. ನಿನ್ನ ಸಾಲಿನ ಪ್ರತಿ ಅಕ್ಷರದ ಪಕ್ಕ ಒಂದು ಸೊನ್ನೆ ಬೈಟ್ ಕಾವಲು ಕೂತಿರುತ್ತೆ.

ಪದ್ಮಕ್ಕ: ಗಣಪತಿ ಮಾಡೋಕೆ ಹೋಗಿ ಅವರಪ್ಪನ್ನ ಮಾಡಿದ ಹಾಗೆ.

ಗುಂಡ: ಟೋಪಿ ಇದ್ರೆ ನಷ್ಟ ಏನು? ಕಣ್ಣಿಗೇ ಕಾಣಲ್ವಲ್ಲ.

ಶೀನಣ್ಣ: ನಿನ್ನ ಕಣ್ಣಿಗೆ ಕಾಣಲ್ಲ, ಪ್ರೋಗ್ರಾಮಿಗೆ ಕಾಣುತ್ತೆ. ಸೆಕ್ಷನ್ ಸೆಕ್ಷನ್ನಾಗಿ ಸೆಟ್ಟಿಂಗ್ ಬರೆದಿಡೋ ಐಎನ್‌ಐ ಫೈಲಲ್ಲಿ ಮೊದಲನೇ ಸೆಕ್ಷನ್ನೇ ವಿಂಡೋಸ್‌ಗೆ ಗುರುತು ಸಿಗಲ್ಲ. ಜಾವಾದ ಪ್ರಾಪರ್ಟೀಸ್ ಅನ್ನೋ ಸೆಟ್ಟಿಂಗ್ ಫೈಲಲ್ಲಿ ಮೊದಲ ಕೀಯ ಹೆಸರಿಗೇ ಅದು ಮೆತ್ತಿಕೊಳ್ಳುತ್ತೆ. ಉಳಿದ 40 ಸೆಟ್ಟಿಂಗ್ ಸರಿಯಾಗಿರುತ್ತೆ, ಮೊದಲನೇದು ಮಾತ್ರ ಇಲ್ಲ ಅಂತ ಬಂದ್ರೆ ಬೇರೆಲ್ಲೂ ಹುಡುಕಬೇಡ. 5.1ರಲ್ಲೇ ಬರೀಬೇಕಾದ್ರೆ ಡಾಟ್‌ನೆಟ್‌ನ ರೈಟ್‌ಆಲ್‌ಟೆಕ್ಸ್ಟ್ ಕರಿ, ಅದು ಟೋಪಿ ಇಲ್ಲದ ಯುಟಿಎಫ್-8 ಬರೆಯುತ್ತೆ.

ಪದ್ಮಕ್ಕ: ಪ್ರಾಪರ್ಟೀಸ್ ಅಂದಾಗ ನೆನಪಾಯ್ತು, ಅದರಲ್ಲಿ ವಿಂಡೋಸ್ ಪಾತ್ ಬರೆಯೋದಿದ್ರೆ ಬ್ಯಾಕ್‌ಸ್ಲ್ಯಾಶ್ ಎರಡೆರಡು ಬೇಕು. ಸೆಟ್ಟಿಂಗ್ ಒಳಗೆ ಸೆಟ್ಟಿಂಗ್ ಇಡೋ ಜೇಸನ್‌ನಲ್ಲೂ ಅಷ್ಟೇ. ಒಂದೇ ಹಾಕಿದ್ರೆ 'ನ್ಯೂ' ಅನ್ನೋ ಫೋಲ್ಡರಿನ ಎನ್ ಹೊಸ ಸಾಲಾಗುತ್ತೆ, 'ಟೆಂಪ್'ನ ಟಿ ಟ್ಯಾಬ್ ಆಗುತ್ತೆ. ಪ್ರೋಗ್ರಾಮು 'ನ್ಯೂ' ಬಿಟ್ಟು 'ಇಯೂ' ಅಂತ ಹುಡುಕ್ಕೊಂಡು ಹೋಗುತ್ತೆ.

ಗುಂಡ: ಜೇಸನ್‌ಗೆ ಪವರ್‌ಶೆಲ್‌ನಲ್ಲಿ ಕನ್ವರ್ಟ್‌ಟು-ಜೇಸನ್ ಇದೆಯಲ್ಲ. ಓದು, ಬದಲಾಯಿಸು, ಬರಿ.

ಶೀನಣ್ಣ: ಡೆಪ್ತ್ ಎಷ್ಟು ಕೊಟ್ಟೆ?

ಗುಂಡ: ಡೆಪ್ತ್ ಅಂದ್ರೆ?

ಶೀನಣ್ಣ: ಅದೇ. ಒಂದರೊಳಗೊಂದು ಎಷ್ಟು ಮೆಟ್ಟಿಲು ಇಳೀಬೇಕು ಅನ್ನೋದು. ನೀನು ಹೇಳ್ದಿದ್ರೆ 2. ಅದಕ್ಕಿಂತ ಆಳದಲ್ಲಿ ಇದ್ದದ್ದೆಲ್ಲ ಚಪ್ಪಟೆಯಾಗಿ ಒಂದೊಂದು ಸ್ಟ್ರಿಂಗ್ ಆಗಿ ಕೂರುತ್ತೆ. ಫೈಲು ಜೇಸನ್ ಆಗೇ ಇರುತ್ತೆ, ಒಳಗಿನ ಸೆಟ್ಟಿಂಗು ಮಾತ್ರ ಹಪ್ಪಳ.

ಗುಂಡ: ಐಎನ್‌ಐ ಆದ್ರೂ ಸುಲಭ ಅನ್ನಿ. ಕೊನೇಲಿ ಸೆಕ್ಷನ್ ಹೆಸರು, ಅದರ ಕೆಳಗೆ ಕೀ.

ಶೀನಣ್ಣ: ಆ ಸೆಕ್ಷನ್ ಮೇಲೆ ಆಗಲೇ ಇದ್ರೆ ವಿಂಡೋಸ್ ಓದೋದು ಮೊದಲು ಸಿಕ್ಕಿದ್ದನ್ನ. ನಿನ್ನದು ಕೆಳಗೆ ಅಲಂಕಾರಕ್ಕೆ. ಐಎನ್‌ಐಗೆ ಕೈಯಲ್ಲಿ ಬರೆಯೋ ಸ್ಕ್ರಿಪ್ಟೇ ಬೇಡ. ವಿಂಡೋಸ್ ಇನ್‌ಸ್ಟಾಲರ್ ಓದೋ ಎಂಎಸ್‌ಐ ಪ್ಯಾಕೇಜಿನ ಐನಿಫೈಲ್ ಟೇಬಲ್‌ನಲ್ಲಿ ಒಂದು ರೋ ಹಾಕು. ಆ್ಯಕ್ಷನ್ 0 ಅಂದ್ರೆ ಇದ್ರೆ ಬದಲಾಯಿಸು ಇಲ್ದಿದ್ರೆ ಸೇರಿಸು, 1 ಅಂದ್ರೆ ಇಲ್ದಿದ್ರೆ ಮಾತ್ರ ಸೇರಿಸು, 3 ಅಂದ್ರೆ ಕಾಮಾ ಹಾಕಿದ ಪಟ್ಟಿಗೆ ಇನ್ನೊಂದು ಕೂಡಿಸು. ಅನ್‌ಇನ್‌ಸ್ಟಾಲ್ ಮಾಡುವಾಗ ತಾನೇ ತೆಗೀತದೆ. ಫೋಲ್ಡರಿನ ಕಾಲಂ ಖಾಲಿ ಬಿಟ್ಟೆ ಅಂದ್ರೆ ಮಾತ್ರ ಫೈಲು ಹೋಗಿ ವಿಂಡೋಸ್ ಫೋಲ್ಡರಿನಲ್ಲಿ ಕೂರುತ್ತೆ, ನೀನು ಪ್ರೋಗ್ರಾಂ ಫೈಲ್ಸ್‌ನಲ್ಲಿ ಹುಡುಕ್ತಾ ಕೂರ್ತೀಯ. ಎಂಎಸ್‌ಐ ಇಲ್ದಿದ್ರೆ ಆಫೀಸಿನ ಮೆಶೀನಿಗೆಲ್ಲ ಒಟ್ಟಿಗೆ ಸೆಟ್ಟಿಂಗ್ ಕಳಿಸೋ ಗ್ರೂಪ್ ಪಾಲಿಸಿ ಪ್ರಿಫರೆನ್ಸಸ್‌ನಲ್ಲೂ ಐಎನ್‌ಐ ಫೈಲ್ಸ್ ಅಂತ ಇದೆ.

ಗುಂಡ: ಸೆಕ್ಷನ್ನು, ಕೀ ಯಾಕೆ? ಪೂರ್ತಿ ಹೊಸ ಫೈಲನ್ನೇ ಎಂಎಸ್‌ಐನಲ್ಲಿ ಇಟ್ಟು ಹಳೇದರ ಮೇಲೆ ಹಾಕಿಬಿಟ್ರೆ?

ಶೀನಣ್ಣ: ಅದೇ ಹಾಕಲ್ಲ. ಟೆಕ್ಸ್ಟ್ ಫೈಲಿಗೆ ವರ್ಶನ್ ನಂಬರ್ ಇರಲ್ಲ. ಅಂಥ ಫೈಲಿನ ಮಾಡಿಫೈಡ್ ತಾರೀಖು ಅದು ಹುಟ್ಟಿದ ತಾರೀಖಿಗಿಂತ ಆಮೇಲಿನದ್ದಾದ್ರೆ 'ಇದನ್ನ ಬಳಸೋರು ಬದಲಾಯಿಸಿದ್ದಾರೆ' ಅಂತ ವಿಂಡೋಸ್ ಇನ್‌ಸ್ಟಾಲರ್ ಕೈಮುಗಿದು ಬಿಟ್ಬಿಡುತ್ತೆ. ಲಾಗ್‌ನಲ್ಲಿ ಸಕ್ಸೆಸ್ ಅಂತಾನೇ ಇರುತ್ತೆ. ಹೊಸ ಮೆಶೀನಲ್ಲಿ ಟೆಸ್ಟ್ ಮಾಡಿದೋರಿಗೆ ಇದು ಜನ್ಮದಲ್ಲಿ ಕಾಣಲ್ಲ. ಫೈಲನ್ನ ಒಂದು ಸಲ ಕೈಯಿಂದ ತಿದ್ದಿ, ಸೇವ್ ಮಾಡಿ, ಆಮೇಲೆ ಅಪ್‌ಗ್ರೇಡ್ ಓಡಿಸಿ ನೋಡಬೇಕು.

ಪದ್ಮಕ್ಕ: ಲಿನಕ್ಸ್‌ನಲ್ಲಿ ಡೆಬಿಯನ್ ಪ್ಯಾಕೇಜಾದ್ರೆ ನಿಂತು ಕೇಳುತ್ತೆ, ನಿಮ್ಮದು ಇಟ್ಕೊಳ್ಲಾ ಹೊಸದು ಹಾಕ್ಲಾ ಅಂತ. ಮುಂದೆ ಯಾರೂ ಕೂತಿರದ ಮೆಶೀನಲ್ಲಿ ಉತ್ತರ ಕೊಡೋರು ಯಾರು? ಅದಕ್ಕೇ ಪ್ಯಾಕೇಜ್ ಹಾಕೋ ಡಿಪಿಕೆಜಿಗೆ ಫೋರ್ಸ್-ಕಾನ್ಫ್‌ಓಲ್ಡ್ ಅಂತ, ಅಂದ್ರೆ ಹಳೇದೇ ಇರಲಿ ಅಂತ, ಮೊದಲೇ ಹೇಳಿಡಬೇಕು.

ಗುಂಡ: ಒಬ್ಬೊಬ್ಬ ಬಳಸೋರಿಗೂ ಬೇರೆ ಬೇರೆ ಇರೋ ಆಪ್‌ಡೇಟಾ ಫೋಲ್ಡರಿನ ಫೈಲಿಗಾದ್ರೆ ಈ ರಗಳೆ ಇಲ್ವಲ್ಲ?

ಶೀನಣ್ಣ: ಅಲ್ಲಿ ಬೇರೆ ರಗಳೆ. ಟೂಲು ಓಡೋದು ಸಿಸ್ಟಮ್ ಅಕೌಂಟ್ ಹೆಸರಲ್ಲಿ. ನೀನು ಆಪ್‌ಡೇಟಾ ಅಂದ್ರೆ ಅದು ಸಿಸ್ಟಮ್32 ಒಳಗಿನ ಕಾನ್ಫಿಗ್, ಅದರೊಳಗಿನ ಸಿಸ್ಟಮ್‌ಪ್ರೊಫೈಲ್ ಅಂದ್ಕೊಳ್ಳುತ್ತೆ. ಸಾಲು ನೀಟಾಗಿ ಬಿದ್ದಿರುತ್ತೆ, ಲಾಗಿನ್ನೇ ಆಗದ ಪುಣ್ಯಾತ್ಮನ ಮನೇಲಿ. ಲಾಗಾನ್ ಸ್ಕ್ರಿಪ್ಟೋ, ಆ್ಯಕ್ಟಿವ್ ಸೆಟಪ್ಪೋ ಬೇಕು, ಪ್ರತಿಯೊಬ್ಬರೂ ಲಾಗಿನ್ ಆದಾಗ ಅವರ ಹೆಸರಲ್ಲೇ ಓಡೋ ಹಾಗೆ.

ಪದ್ಮಕ್ಕ: ವರ್ಚುವಲ್‌ಸ್ಟೋರ್ ಹೇಳಿ ಅವನಿಗೆ.

ಶೀನಣ್ಣ: ಹಾ, ಅದು ದೆವ್ವದ ಕಾಟ. ತನಗೆ ಯಾವ ಅನುಮತಿ ಬೇಕು ಅಂತ ಹೇಳೋ ಮ್ಯಾನಿಫೆಸ್ಟ್ ಇಲ್ಲದ ಹಳೇ 32-ಬಿಟ್ ಪ್ರೋಗ್ರಾಮು ಪ್ರೋಗ್ರಾಂ ಫೈಲ್ಸ್‌ಗೆ ಬರೆಯೋಕೆ ಹೋದ್ರೆ ವಿಂಡೋಸ್ ಬೈಯಲ್ಲ. ಬಳಸೋರ ಲೋಕಲ್ ಆಪ್‌ಡೇಟಾದಲ್ಲಿ ವರ್ಚುವಲ್‌ಸ್ಟೋರ್ ಅಂತ ಮಾಡಿ, ಫೈಲಿನ ಒಂದು ಕಾಪಿ ಅಲ್ಲಿಡುತ್ತೆ. ಆಮೇಲಿಂದ ಆ ಪ್ರೋಗ್ರಾಮಿಗೆ ಕಾಣೋದು ಆ ಕಾಪಿನೇ. ನೀನು ಅಸಲಿ ಫೈಲಲ್ಲಿ ನೂರು ಸಲ ತಿದ್ದು, ನೋಟ್‌ಪ್ಯಾಡ್‌ನಲ್ಲಿ ಸರಿ ಕಾಣುತ್ತೆ, ಪ್ರೋಗ್ರಾಮು ಹಳೇ ರಾಗವೇ ಹಾಡುತ್ತೆ. ಆ ಕಾಪಿ ಅಳಿಸಬೇಕು, ಇಲ್ಲಾ ಅದನ್ನೂ ತಿದ್ದಬೇಕು.

ಗುಂಡ: ಪದ್ಮಕ್ಕ, ನೀವಾದ್ರೂ ಸುಲಭದ್ದು ಒಂದು ಹೇಳಿ.

ಪದ್ಮಕ್ಕ: ಬೇರೆಯೋರ ಫೈಲ್ ತಿದ್ದೋದೇ ಬೇಡ. ಹೆಸರಿನ ಕೊನೇಲಿ ಡಾಟ್ ಡಿ ಇರೋ ಫೋಲ್ಡರ್ ಇದೆಯಾ ನೋಡಿ, ನಿಮ್ಮದೇ ಒಂದು ಫೈಲ್ ಅದರಲ್ಲಿಡಿ. ತೆಗೆಯೋದೂ ಸುಲಭ, ಫೈಲ್ ಅಳಿಸಿದ್ರಾಯ್ತು.

ಗುಂಡ: ಆಹಾ! ಲಿನಕ್ಸ್‌ನಲ್ಲಿ ಯಾರು ಅಡ್ಮಿನ್ ಕೆಲಸ ಮಾಡಬಹುದು ಅಂತ ಹೇಳೋ ಸುಡೋಯರ್ಸ್ ಡಾಟ್ ಡಿ ಒಳಗೆ 'ನಮ್ಮದು ಡಾಟ್ ಕಾನ್ಫ್' ಅಂತ ಇಟ್ಟೆ, ಕೈ ತೊಳೆದೆ.

ಪದ್ಮಕ್ಕ: ಅದನ್ನ ಸುಡೋ ಓದೋದೇ ಇಲ್ಲ. ಆ ಫೋಲ್ಡರಿನಲ್ಲಿ ಹೆಸರಿನೊಳಗೆ ಚುಕ್ಕಿ ಇರೋ ಫೈಲನ್ನ ತೆಪ್ಪಗೆ ದಾಟಿಕೊಂಡು ಹೋಗುತ್ತೆ. ಚುಕ್ಕಿ ತೆಗೆದು, ಇಡೋಕೆ ಮುಂಚೆ ವಿಸುಡೋಗೆ ಮೈನಸ್ ಸಿ, ಮೈನಸ್ ಎಫ್ ಕೊಟ್ಟು ಪರೀಕ್ಷೆ ಮಾಡಿ.

ಗುಂಡ: ಅಂಥ ಫೋಲ್ಡರೇ ಇಲ್ಲದ ಕಡೆ? ತಿದ್ದೋಕೆ ಮುಂಚೆ ಬ್ಯಾಕಪ್ ತಗೊಂಡಿದ್ದು, ಅನ್‌ಇನ್‌ಸ್ಟಾಲ್ ಆದಾಗ ವಾಪಸ್ ಹಾಕಿಬಿಡ್ತೀನಿ.

ಶೀನಣ್ಣ: ಆ ಬ್ಯಾಕಪ್ ಜನವರಿದು, ಅನ್‌ಇನ್‌ಸ್ಟಾಲ್ ಆಗೋದು ಆಗಸ್ಟಲ್ಲಿ. ನಡುವೆ ಇನ್ನೂ ಆರು ಪ್ಯಾಕೇಜು ಅದೇ ಫೈಲಿಗೆ ಸಾಲು ಹಾಕಿರುತ್ತೆ, ಎಲ್ಲಾ ಗೋವಿಂದ. ಬ್ಯಾಕಪ್ ಇರಲಿ, ಅದು ತಿದ್ದೋ ಹೊತ್ತಲ್ಲೇ ಕೆಟ್ಟರೆ ವಾಪಸ್ ಹಾಕೋಕೆ. ನಿನ್ನ ಸಾಲಿನ ಮೇಲೊಂದು ಕೆಳಗೊಂದು ಕಾಮೆಂಟ್ ಗುರುತು ಹಾಕು, ಹೋಗುವಾಗ ಅವೆರಡರ ನಡುವಿನದ್ದನ್ನ ಮಾತ್ರ ಕಿತ್ಕೊಂಡು ಹೋಗು. ಹಾಕಿದ್ದು ಬಿದ್ದಿದೆಯಾ ಅಂತ ಟೂಲು ನೋಡೋ ಡಿಟೆಕ್ಷನ್ ರೂಲ್‌ನಲ್ಲೂ ಫೈಲ್ ಇದೆಯಾ ಅಂತ ಕೇಳಬೇಡ, ಫೈಲ್ ಮೊದಲಿಂದಲೂ ಇತ್ತು. ಸಾಲು ಇದೆಯಾ ಅಂತ ಕೇಳು.

ಗುಂಡ: ಸರಿ ಸ್ವಾಮೀ. ಹುಡುಕೋದು, ಎಂಟರ್ ನೋಡೋದು, ಎನ್‌ಕೋಡಿಂಗ್ ನೋಡೋದು, ಬ್ಯಾಕಪ್ಪು, ಗುರುತು, ತೆಗೆಯೋ ದಾರಿ. ಒಂದು ಸಾಲಿಗೆ ಅರವತ್ತು ಸಾಲಿನ ಸ್ಕ್ರಿಪ್ಟು. ಬರೆದೆ ಅನ್ಕೊಳ್ಳಿ, ಕಾಮೆಂಟೆಲ್ಲ ಕನ್ನಡದಲ್ಲೇ. ಟೋಪಿ ಇಲ್ಲದ ಯುಟಿಎಫ್-8ರಲ್ಲಿ ಸೇವ್ ಮಾಡ್ತೀನಿ.

ಶೀನಣ್ಣ: ಮಾಡಬೇಡ! ಟೋಪಿ ಇಲ್ದಿದ್ರೆ 5.1 ನಿನ್ನ ಸ್ಕ್ರಿಪ್ಟನ್ನ ಆನ್ಸಿ ಅಂತ ಓದುತ್ತೆ, ಕನ್ನಡವೆಲ್ಲ ಚಿತ್ರಾನ್ನ.

ಗುಂಡ: ಅಂದ್ರೆ ಸ್ಕ್ರಿಪ್ಟಿಗೆ ಟೋಪಿ ಬೇಕು, ಅದು ಬರೆಯೋ ಫೈಲಿಗೆ ಟೋಪಿ ಬೇಡ?

ಪದ್ಮಕ್ಕ: ಇಷ್ಟು ಹೊತ್ತಿಗೆ ಒಂದಾದ್ರೂ ತಲೆಗೆ ಹೋಯ್ತಲ್ಲ.

ಗುಂಡ: ಹೋಗಿದ್ದು ತಲೆ ಒಳಗಲ್ಲ ಪದ್ಮಕ್ಕ, ತಲೆ ಮೇಲೆ. ಮೂರು ಬೈಟು.