ಹಳೆಯ ಟಿವಿ ಗೇಮ್ ಯಂತ್ರಕ್ಕೆ ಹೊಸ ಆಟಗಳು: ಒಂದು ಪ್ರಶ್ನೆ, ಕೆಲವರ ಅನುಭವ

ಪ್ರಶ್ನೆ, ಸಾಗರದಿಂದ

ಊರಿನ ಮನೆಯ ಅಟ್ಟವನ್ನು ಖಾಲಿ ಮಾಡುವಾಗ ನಾನು ಹೈಸ್ಕೂಲಿನಲ್ಲಿದ್ದಾಗ ಆಡುತ್ತಿದ್ದ ಟಿವಿ ವಿಡಿಯೋ ಗೇಮ್ ಸಿಕ್ಕಿದೆ. ಅದು ನಿಂಟೆಂಡೊ ಕಂಪನಿಯ ಫ್ಯಾಮಿಕಾಮ್ ಯಂತ್ರದ ಕ್ಲೋನ್, ಅಂದರೆ ಬೇರೆಯವರು ಮಾಡಿದ ನಕಲು. ಜೊತೆಯಲ್ಲಿ ಎರಡು ಕಂಟ್ರೋಲರ್, ಒಂದು ಗನ್ ಮತ್ತು ಮೂರು ಹಳದಿ ಕ್ಯಾಸೆಟ್‌ಗಳಿವೆ. ಇಂತಹ ಯಂತ್ರಗಳಿಗಾಗಿ ಹವ್ಯಾಸಿಗಳು ಇಂದಿಗೂ ಹೊಸ ಆಟಗಳನ್ನು ಬರೆದು, ಕ್ಯಾಸೆಟ್ ಮಾಡಿ ಮಾರುತ್ತಾರೆ, ಅವನ್ನು ಹೋಮ್‌ಬ್ರೂ ಆಟಗಳು ಎನ್ನುತ್ತಾರೆ ಎಂಬುದು ಈಚೆಗಷ್ಟೇ ತಿಳಿಯಿತು. ನಮ್ಮ ಭಾವ ಡಿಸೆಂಬರಿನಲ್ಲಿ ಅಮೆರಿಕದಿಂದ ಬರುವವರಿದ್ದಾರೆ, ಬೇಕಾದುದನ್ನು ತರುತ್ತೇನೆ ಎಂದಿದ್ದಾರೆ. ಯಾವುದನ್ನು ತರಿಸಲಿ? ಅಲ್ಲಿನ ಕ್ಯಾಸೆಟ್ ನನ್ನ ಯಂತ್ರದಲ್ಲಿ ಓಡುತ್ತದೆಯೇ? ಮಗಳಿಗೆ ಹನ್ನೊಂದು ವರ್ಷ, ಅವಳೊಡನೆ ಆಡಬೇಕೆಂಬುದು ನನ್ನ ಆಸೆ. ಅನುಭವವಿದ್ದವರು ದಯವಿಟ್ಟು ತಿಳಿಸಿಕೊಡಿ.

ಮೈಸೂರಿನಿಂದ

ಕ್ಯಾಸೆಟ್ ತರಿಸುವ ವಿಷಯವನ್ನು ಸ್ವಲ್ಪ ಆಚೆಗಿಟ್ಟು, ಮೊದಲು ನಿಮ್ಮ ಯಂತ್ರ ಯಾವ ಸ್ಥಿತಿಯಲ್ಲಿದೆ ಎಂಬುದನ್ನು ನೋಡಿಕೊಳ್ಳಿ ಎಂದು ಕೇಳಿಕೊಳ್ಳುತ್ತೇನೆ. ಐದು ವರ್ಷಗಳ ಹಿಂದೆ ನನಗೂ ಹೀಗೆಯೇ ಅಟ್ಟದಿಂದ ಯಂತ್ರ ಸಿಕ್ಕಾಗ ಸಂಭ್ರಮದಲ್ಲಿ ಹಳೆಯ ಅಡಾಪ್ಟರನ್ನೇ ಚುಚ್ಚಿ ಸ್ವಿಚ್ ಹಾಕಿಬಿಟ್ಟೆ. ಎರಡು ನಿಮಿಷ ಚಿತ್ರ ಬಂತು, ಆಮೇಲೆ ಸುಟ್ಟ ವಾಸನೆ ಬಂತು. ಬಿಚ್ಚಿ ನೋಡಿದರೆ ಒಂದು ಕೆಪಾಸಿಟರ್ ಉಬ್ಬಿ ಸೋರಿತ್ತು. ಆ ಅಡಾಪ್ಟರ್ ಮೇಲೆ 9 ವೋಲ್ಟ್ ಎಂದು ಬರೆದಿದ್ದರೂ ಮಲ್ಟಿಮೀಟರ್ ಹಿಡಿದಾಗ 13ಕ್ಕಿಂತ ಹೆಚ್ಚು ತೋರಿಸಿತು. ಭಾರ ಬೀಳದಿರುವಾಗ ಹಳೆಯ ಟ್ರಾನ್ಸ್‌ಫಾರ್ಮರ್ ಅಡಾಪ್ಟರುಗಳು ಬರೆದುದಕ್ಕಿಂತ ಹೆಚ್ಚು ವೋಲ್ಟೇಜ್ ಕೊಡುವುದು ಸಹಜವೇ ಆದರೂ ವಯಸ್ಸಾದ ಕೆಪಾಸಿಟರ್ ಅದನ್ನು ತಡೆದುಕೊಳ್ಳುವುದಿಲ್ಲ. ಆದ್ದರಿಂದ ಹತ್ತಿರದ ಟಿವಿ ರಿಪೇರಿಯವರ ಬಳಿ ಎಲೆಕ್ಟ್ರೋಲಿಟಿಕ್ ಕೆಪಾಸಿಟರುಗಳನ್ನು ಬದಲಾಯಿಸಿಕೊಂಡು, ಪ್ಲಗ್ಗಿನ ನಡುವಿನ ತೂತು ಪ್ಲಸ್ಸೋ ಮೈನಸ್ಸೋ ಎಂದು ಯಂತ್ರದ ಮೇಲಿನ ಗುರುತನ್ನು ನೋಡಿ, ಹೊಸ ಅಡಾಪ್ಟರ್ ಕೊಳ್ಳಿ. ಮೂಲ ಫ್ಯಾಮಿಕಾಮ್‌ನಲ್ಲಿ ನಡುವಿನದು ಮೈನಸ್ ಇರುತ್ತದೆ. ಫ್ಯಾಮಿಕಾಮ್‌ನ ಅಮೆರಿಕನ್ ರೂಪವಾದ ಎನ್‌ಇಎಸ್ ಯಂತ್ರದ ಅಡಾಪ್ಟರ್ ಡಿಸಿ ಬದಲು ಎಸಿ ಕೊಡುವಂಥದು, ಅದನ್ನು ಮಾತ್ರ ಭಾವನವರ ಕೈಯಲ್ಲಿ ತರಿಸಬೇಡಿ.

ಇನ್ನು ಓಡುತ್ತದೆಯೇ ಎಂಬ ಪ್ರಶ್ನೆ. ಫ್ಯಾಮಿಕಾಮ್ 1983ರಲ್ಲಿ ಜಪಾನಿನಲ್ಲಿ ಬಂತು, ಎನ್‌ಇಎಸ್ 1985ರಲ್ಲಿ ಅಮೆರಿಕದಲ್ಲಿ ಬಂತು. ಒಳಗಿನ ಚಿಪ್ಪುಗಳು ಒಂದೇ ಬಗೆಯವಾದರೂ ಮೊದಲಿನದರ ಕ್ಯಾಸೆಟ್‌ಗೆ 60 ಪಿನ್, ಎರಡನೆಯದರದಕ್ಕೆ 72 ಪಿನ್. ನಮ್ಮ ದೇಶದಲ್ಲಿ ಮಾರಾಟವಾದ ಕ್ಲೋನ್‌ಗಳು ಸಾಮಾನ್ಯವಾಗಿ 60 ಪಿನ್ನಿನವು. ನಿಮ್ಮ ಹಳದಿ ಕ್ಯಾಸೆಟ್‌ನ ತುದಿಯಲ್ಲಿ ಒಂದು ಪಕ್ಕಕ್ಕೆ 30 ತಾಮ್ರದ ಪಟ್ಟಿಗಳಿದ್ದರೆ ಅದೇ. ಹೊರದೇಶದಲ್ಲಿ ಸಿಗುವ ಹೊಸ ಆಟಗಳಲ್ಲಿ ಹೆಚ್ಚಿನವು 72 ಪಿನ್ನಿನವಾದ್ದರಿಂದ ನಡುವೆ ಒಂದು ಅಡಾಪ್ಟರ್ ಬೋರ್ಡ್ ಬೇಕಾಗುತ್ತದೆ. ಕಂಪನಿಯ ಅನುಮತಿಯಿಲ್ಲದ ಕ್ಯಾಸೆಟ್‌ಗಳನ್ನು ತಡೆಯಲು ಎನ್‌ಇಎಸ್‌ನಲ್ಲಿರುವ ಲಾಕ್ ಚಿಪ್ಪಿನ ಕಾಟ ಫ್ಯಾಮಿಕಾಮ್ ವಂಶದ ಯಂತ್ರಗಳಿಗಿಲ್ಲ, ಅದೊಂದು ಅನುಕೂಲ.

ಪಿನ್ನಿಗಿಂತ ದೊಡ್ಡ ತೊಡಕು ವೇಗದ್ದು. ಅಮೆರಿಕದ ಯಂತ್ರ ಸೆಕೆಂಡಿಗೆ 60 ಬಾರಿ ಚಿತ್ರ ಬರೆಯುತ್ತದೆ. ನಮ್ಮ ದೇಶದ ಪಾಲ್ ಪದ್ಧತಿಯ ಟಿವಿಗೆಂದು ಮಾಡಿದ ಕ್ಲೋನ್ 50 ಬಾರಿ ಬರೆಯುತ್ತದೆ. ಆಟ ಬರೆದವರು ಇದನ್ನು ಗಮನಿಸದೆ ಇದ್ದರೆ ಸಂಗೀತವೂ ಓಟವೂ ಆರರಲ್ಲಿ ಒಂದು ಪಾಲು ನಿಧಾನವಾಗುತ್ತವೆ. ಅಷ್ಟೇ ಆದರೆ ಸಹಿಸಿಕೊಳ್ಳಬಹುದು. ಆದರೆ ಟಿವಿಯಲ್ಲಿ ಚಿತ್ರ ಬರೆಯುತ್ತ ಇಳಿಯುವ ಗೆರೆ ಯಾವ ಕ್ಷಣದಲ್ಲಿ ಎಲ್ಲಿರುತ್ತದೆ ಎಂದು ಲೆಕ್ಕ ಹಾಕಿ ಪರದೆಯನ್ನು ಎರಡು ಭಾಗ ಮಾಡುವ ಆಟಗಳಲ್ಲಿ ಮೇಲಿನ ಅಂಕಪಟ್ಟಿ ನಡುಗುವುದು, ಹಿನ್ನೆಲೆ ಹರಿದಂತೆ ಕಾಣುವುದು ಉಂಟು. ರಷ್ಯಾದಲ್ಲಿ 1992ರಿಂದ ಮಾರಾಟವಾದ ಡೆಂಡಿ ಎಂಬ ಕ್ಲೋನ್ ಕೂಡ ಇದೇ 50ರ ಬಗೆಯದು. ಅದರ ಹೆಸರಿನಲ್ಲೇ ಮೆಸೆನ್ ಎಂಬ ಎಮ್ಯುಲೇಟರ್‌ನಲ್ಲಿ, ಅಂದರೆ ಈ ಯಂತ್ರವನ್ನು ಕಂಪ್ಯೂಟರಿನಲ್ಲಿ ಅನುಕರಿಸುವ ತಂತ್ರಾಂಶದಲ್ಲಿ, ಒಂದು ಆಯ್ಕೆಯಿದೆ. ಹಲವು ಹೊಸ ಆಟಗಳ ಡೆಮೊ ಫೈಲನ್ನು ಅವುಗಳ ತಯಾರಕರೇ ಉಚಿತವಾಗಿ ಕೊಡುತ್ತಾರೆ. ಆ ಫೈಲನ್ನು ಕಂಪ್ಯೂಟರಿನಲ್ಲಿ ಡೆಂಡಿ ಆಯ್ಕೆಯಲ್ಲಿ ಹತ್ತು ನಿಮಿಷ ಆಡಿ ನೋಡಿದರೆ ನಿಮ್ಮ ಯಂತ್ರದಲ್ಲಿ ಹೇಗೆ ನಡೆದೀತು ಎಂಬುದರ ಬಹುಪಾಲು ಅಲ್ಲಿಯೇ ತಿಳಿಯುತ್ತದೆ. ನಾನು ಹೀಗೆ ನೋಡದೆ ಕೊಂಡ ಎರಡು ಕ್ಯಾಸೆಟ್‌ಗಳು ಕಪಾಟಿನಲ್ಲಿಯೇ ಇವೆ, ನೋಡಿ ಕೊಂಡ ಆರೂ ಮನೆಯಲ್ಲಿ ಪ್ರತಿ ಭಾನುವಾರ ಹೊರಬರುತ್ತವೆ.

ಆಟಗಳ ಹೆಸರು ಕೇಳಿದ್ದೀರಿ. ಮಗಳೊಡನೆ ಆಡಲು ಮೈಕ್ರೋ ಮೇಜಸ್ ಎಂಬುದಕ್ಕಿಂತ ಒಳ್ಳೆಯದನ್ನು ನಾನು ಕಂಡಿಲ್ಲ. ಜರ್ಮನಿಯ ಮಾರ್ಫ್‌ಕ್ಯಾಟ್ ಎಂಬ ಪುಟ್ಟ ತಂಡ 2019ರಲ್ಲಿ ತಂದದ್ದು. ಪುಟಾಣಿ ಮಂತ್ರವಾದಿಗಳು ಗೋಪುರದೊಳಗೆ ಗೋಡೆಯಿಂದ ಗೋಡೆಗೆ ನೆಗೆಯುತ್ತ ಮೇಲೇರುತ್ತಾರೆ, ಇಬ್ಬರು ಒಟ್ಟಿಗೆ ಆಡಬಹುದು, ನಾಲ್ಕು ಕಂಟ್ರೋಲರ್ ಕೂಡಿಸುವ ಜೋಡಣೆಯಿದ್ದರೆ ನಾಲ್ವರೂ ಆಡಬಹುದು. ಇಡೀ ಆಟ ಇರುವುದು 40 ಕಿಲೋಬೈಟಿನಲ್ಲಿ. ಈ ಯಂತ್ರ ಹೆಚ್ಚುವರಿ ಚಿಪ್ಪಿನ ನೆರವಿಲ್ಲದೆ ನೋಡಬಲ್ಲದ್ದೇ ಅಷ್ಟು: ಆಟದ ಆದೇಶಗಳಿಗೆ 32, ಚಿತ್ರಗಳಿಗೆ 8. ಆ ಇಕ್ಕಟ್ಟಿನಲ್ಲಿ ಇಷ್ಟು ತುಂಬಿಸಿದ್ದಾರಲ್ಲ ಎಂದು ಪ್ರತಿ ಸಲ ಆಡುವಾಗಲೂ ನನಗೆ ಅವರ ಬಗ್ಗೆ ಗೌರವ ಮೂಡುತ್ತದೆ. ಸರಳವಾದ ಬೋರ್ಡ್ ಆದ್ದರಿಂದ ಕ್ಲೋನ್‌ಗಳಲ್ಲಿ ತಕರಾರು ಮಾಡುವ ಸಂಭವವೂ ಕಡಿಮೆ. ಅದೇ ತಂಡದ ಬೋಬ್ಲ್ ಎಂಬುದರಲ್ಲಿ ನೀವು ಒಂದು ಸೋಪಿನ ಗುಳ್ಳೆ, ಅದು ಉಚಿತ. ಒಬ್ಬರೇ ಕೂತು ಹಟ ಹಿಡಿದು ಆಡುವವರಿಗೆ 2010ರ ಬ್ಯಾಟಲ್ ಕಿಡ್ ಇದೆ, ಆದರೆ ಅದು ಬಹಳ ಕಠಿಣ, ಮಕ್ಕಳಿಗೆ ಬೇಸರ ತರಿಸೀತು.

ಹುಬ್ಬಳ್ಳಿಯಿಂದ

ಮೈಸೂರಿನವರು ಹೇಳಿದ 72ರಿಂದ 60 ಪಿನ್ನಿನ ಅಡಾಪ್ಟರ್ ಬಗ್ಗೆ ಒಂದು ಮಾತು ಸೇರಿಸುತ್ತೇನೆ. ನಾನು ತರಿಸಿಕೊಂಡದ್ದರಲ್ಲಿ ಚಿತ್ರ ಚೆನ್ನಾಗಿ ಬಂತು, ಧ್ವನಿ ಮಾತ್ರ ಸುತರಾಂ ಇಲ್ಲ. ಯಂತ್ರವೇ ಹಾಳಾಗಿದೆ ಎಂದು ಒಂದು ವಾರ ಕೊರಗಿದೆ. ಕಾರಣ ಬೇರೆಯೇ ಇತ್ತು. ಫ್ಯಾಮಿಕಾಮ್‌ನಲ್ಲಿ ಧ್ವನಿ ಯಂತ್ರದಿಂದ ಕ್ಯಾಸೆಟ್‌ಗೆ 45ನೆಯ ಪಿನ್ನಿನಲ್ಲಿ ಹೋಗಿ, 46ನೆಯದರಲ್ಲಿ ಹಿಂದಿರುಗಿ ಟಿವಿಗೆ ಸಾಗುತ್ತದೆ. ಕ್ಯಾಸೆಟ್ ತನ್ನ ಕಡೆಯಿಂದಲೂ ಧ್ವನಿ ಬೆರೆಸಲಿ ಎಂದು ಹಾಗೆ ಮಾಡಿದ್ದಾರೆ. ಎನ್‌ಇಎಸ್ ಕ್ಯಾಸೆಟ್‌ನಲ್ಲಿ ಆ ದಾರಿಯೇ ಇಲ್ಲ, ಆದ್ದರಿಂದ ಅಡಾಪ್ಟರ್ ಬೋರ್ಡೇ ಆ ಎರಡು ಪಿನ್ನುಗಳನ್ನು ಕೂಡಿಸಬೇಕು. ನನ್ನದರಲ್ಲಿ ಕೂಡಿಸಿರಲಿಲ್ಲ. ಕೂದಲೆಳೆಯಂತಹ ಒಂದು ತಂತಿಯನ್ನು ಬೆಸುಗೆ ಹಾಕಿದ ಕೂಡಲೇ ಹಾಡು ಕೇಳಿಸಿತು. ಕೊಳ್ಳುವ ಮುನ್ನ ಈ ವಿಷಯವನ್ನು ಮಾರುವವರಲ್ಲಿ ಕೇಳಿಬಿಡಿ.

ಗನ್ ಕೆಲಸ ಮಾಡಬೇಕಾದರೆ ಪಿಕ್ಚರ್ ಟ್ಯೂಬಿನ ಹಳೆಯ ಟಿವಿಯೇ ಬೇಕು. ಹೊಸ ಚಪ್ಪಟೆ ಟಿವಿಗಳಲ್ಲಿ ಚಿತ್ರ ತಡವಾಗಿ ಬರುವುದರಿಂದ ಟ್ರಿಗರ್ ಒತ್ತಿದ ಕ್ಷಣದ ಬೆಳಕು ಗನ್ನಿಗೆ ಕಾಣುವುದಿಲ್ಲ. ಅದೇ ಕಾರಣಕ್ಕೆ ನೆಗೆತದ ಆಟಗಳೂ ಚಪ್ಪಟೆ ಟಿವಿಯಲ್ಲಿ ಕೈಗೆ ಹತ್ತುವುದಿಲ್ಲ. ಟಿವಿಯಲ್ಲಿ ಗೇಮ್ ಮೋಡ್ ಇದ್ದರೆ ಹಾಕಿಕೊಳ್ಳಿ, ಸ್ವಲ್ಪ ಸುಧಾರಿಸುತ್ತದೆ. ಕ್ಯಾಸೆಟ್‌ಗೆ ಬಾಯಿಂದ ಊದುವ ನಮ್ಮೆಲ್ಲರ ಹಳೆಯ ಅಭ್ಯಾಸವನ್ನೂ ಬಿಡಬೇಕು, ಉಸಿರಿನ ತೇವದಿಂದ ಪಟ್ಟಿಗಳು ಕಪ್ಪಾಗುತ್ತವೆ. ಕಿವಿಗೆ ಹಾಕುವ ಹತ್ತಿಕಡ್ಡಿಗೆ ಐಸೊಪ್ರೊಪೈಲ್ ಆಲ್ಕೋಹಾಲ್ ಹಚ್ಚಿ ಒರೆಸಿದರೆ ಸಾಕು.

ಮ್ಯೂನಿಕ್‌ನಿಂದ

ನಾನು ಮೂಲತಃ ಶಿರಸಿಯವನು. ಇಲ್ಲಿ ಹನ್ನೆರಡು ವರ್ಷಗಳಿಂದ ಹೊಸ ಆಟಗಳ ಕ್ಯಾಸೆಟ್‌ಗಳನ್ನು ಕೂಡಿಡುತ್ತಿದ್ದೇನೆ, ಈಗ ಅರವತ್ತರ ಆಸುಪಾಸಿನಲ್ಲಿವೆ. ಸಂಗ್ರಹಕ್ಕೆ ಇಳಿಯುವವರು ಪೆಟ್ಟಿಗೆಯ ಅಂದಕ್ಕೆ ಮರುಳಾಗುವುದನ್ನು ಬಹಳ ನೋಡಿದ್ದೇನೆ, ನಾನೂ ಮರುಳಾದವನೇ. ಈಗ ನಾನು ಮೊದಲು ಕೇಳುವುದು ಒಳಗಿನ ಬೋರ್ಡಿನ ಫೋಟೋ. ಎನ್‌ಇಎಸ್ ಬೋರ್ಡಿನ ದಪ್ಪ 1.2 ಮಿಲಿಮೀಟರ್ ಇರಬೇಕು. ಅಗ್ಗವಾಗಿ ಸಿಗುವ 1.6 ಮಿಲಿಮೀಟರಿನ ಬೋರ್ಡಿನಲ್ಲಿ ಮಾಡಿದ ಕ್ಯಾಸೆಟ್ ಕನೆಕ್ಟರಿನ ಪಿನ್ನುಗಳನ್ನು ಅಗಲಿಸುತ್ತದೆ, ಆಮೇಲೆ ನಿಮ್ಮ ಮೂಲ ಕ್ಯಾಸೆಟ್‌ಗಳು ಹಿಡಿಯುವುದಿಲ್ಲ. ತುದಿಯನ್ನು ಓರೆಯಾಗಿ ಉಜ್ಜಿರಬೇಕು, ಪಟ್ಟಿಗಳಿಗೆ ಚಿನ್ನದ ಲೇಪ ಇರಬೇಕು. ಬೆಸುಗೆಯ ಲೋಹವೇ ಪಟ್ಟಿಯ ಮೇಲೆ ಉಬ್ಬಿಕೊಂಡಿದ್ದರೆ ಅದನ್ನು ಕೊಳ್ಳಬೇಡಿ.

ಇನ್ನೊಂದು ಕಣ್ಣಿಗೆ ಕಾಣದ ವಿಷಯ. ಈ ಯಂತ್ರಗಳೆಲ್ಲ 5 ವೋಲ್ಟಿನವು. ಇಂದು ಅಗ್ಗವಾಗಿ ಸಿಗುವ ಫ್ಲ್ಯಾಶ್ ಮೆಮೊರಿ ಚಿಪ್ಪುಗಳು 3.3 ವೋಲ್ಟಿನವು. ನಡುವೆ ವೋಲ್ಟೇಜ್ ಹೊಂದಿಸುವ ಚಿಪ್ ಹಾಕದೆ ನೇರವಾಗಿ ಜೋಡಿಸಿದರೂ ಆಟ ಓಡುತ್ತದೆ. ಓಡುತ್ತದೆ ಎಂಬುದೇ ಅಪಾಯ, ಏಕೆಂದರೆ ಎರಡೂ ಕಡೆಯ ಚಿಪ್ಪುಗಳು ಮೇರೆ ಮೀರಿ ದುಡಿಯುತ್ತಿರುತ್ತವೆ, ಮತ್ತು ಸುಟ್ಟುಹೋದರೆ ಯಂತ್ರದ ಮೂಲ ಚಿಪ್ಪು ಇಂದು ಹೊಸದಾಗಿ ಸಿಗುವುದು ಕಷ್ಟ. ಒಳ್ಳೆಯ ತಯಾರಕರು ತಾವು ಯಾವ ಬೋರ್ಡ್ ಬಳಸಿದ್ದೇವೆ ಎಂದು ಕೇಳಿದ ಕೂಡಲೇ ಹೇಳುತ್ತಾರೆ. ಹೇಳಲು ಹಿಂಜರಿಯುವವರಿಂದ ನಾನು ಕೊಳ್ಳುವುದಿಲ್ಲ. ಆಟವನ್ನು ಉಳಿಸುವ ಸೌಲಭ್ಯವಿದ್ದರೆ ಬ್ಯಾಟರಿಯೋ ಅಥವಾ ಬ್ಯಾಟರಿ ಬೇಡದ ಎಫ್‌ರ್‍ಯಾಮ್ ಚಿಪ್ಪೋ ಎಂಬುದನ್ನೂ ಕೇಳುವುದು ಒಳ್ಳೆಯದು.

ನನಗಾದ ಒಂದು ನೋವನ್ನೂ ಹೇಳಬೇಕು. ಒಬ್ಬ ಮಾರಾಟಗಾರರಿಂದ ನಿಂಟೆಂಡೊದ್ದೇ ಆದ, ಕೈಯಲ್ಲಿ ಹಿಡಿದು ಆಡುವ ಗೇಮ್ ಬಾಯ್ ಯಂತ್ರದ ಕ್ಯಾಸೆಟ್ ಒಂದನ್ನು ಕೊಂಡೆ. ಸುಂದರವಾದ ಲೇಬಲ್, ಕೈಬರಹದಲ್ಲಿ ಸಂಖ್ಯೆ. ಆಮೇಲೆ ತಿಳಿದದ್ದು, ಲೇಖಕರು ಉಚಿತವಾಗಿ ಕೊಟ್ಟಿದ್ದ ಫೈಲನ್ನು ಅವರಿಗೆ ಹೇಳದೆಯೇ ತುಂಬಿ ಮಾರಿದ್ದರು. ಆ ಲೇಖಕರಿಗೆ ಪತ್ರ ಬರೆದು ಕ್ಷಮೆ ಕೇಳಿದೆ, ಮುಂದಿನ ಆಟವನ್ನು ಅವರಿಂದಲೇ ಕೊಂಡೆ. ನಾವು ಚಿಕ್ಕಂದಿನಲ್ಲಿ ಆಡಿದ ಕ್ಯಾಸೆಟ್‌ಗಳಲ್ಲಿ ಯಾರು ಬರೆದರು ಎಂಬುದೇ ಇರುತ್ತಿರಲಿಲ್ಲ. ಹೋಮ್‌ಬ್ರೂ ಆಟಗಳಲ್ಲಿ ಹಾಗಲ್ಲ. ಒಬ್ಬರೋ ಇಬ್ಬರೋ ಸಂಜೆಯ ಹೊತ್ತು ಕೂತು ವರ್ಷಗಟ್ಟಲೆ ಬರೆದದ್ದು, ಅವರ ಹೆಸರು ಪರದೆಯ ಮೇಲಿರುತ್ತದೆ, ಪ್ರಶ್ನೆ ಕೇಳಿದರೆ ಅವರೇ ಉತ್ತರಿಸುತ್ತಾರೆ. ನನ್ನ ಮಟ್ಟಿಗೆ ಈ ಸಂಗ್ರಹದ ಬೆಲೆ ಇರುವುದು ಅಲ್ಲಿಯೇ. ಹಾಗಾಗಿ ಲೇಖಕರಿಂದ, ಇಲ್ಲವೇ ಲೇಖಕರು ಒಪ್ಪಿಗೆ ಕೊಟ್ಟ ಅಂಗಡಿಯಿಂದ ಮಾತ್ರ ಕೊಳ್ಳಿ.

ಮುಂಗಡ ಹಣ ಕೊಟ್ಟು ಕಾಯುವ ಯೋಜನೆಗಳಲ್ಲಿ ಡಿಸೆಂಬರ್ ಎಂದರೆ ಅದು ಯಾವ ವರ್ಷದ ಡಿಸೆಂಬರ್ ಎಂಬ ಖಾತ್ರಿಯಿರುವುದಿಲ್ಲ. ಒಂದು ಆಟಕ್ಕಾಗಿ ನಾನು ಎರಡೂವರೆ ವರ್ಷ ಕಾದಿದ್ದೇನೆ. ಭಾವನವರು ಬರುವ ದಿನ ಗೊತ್ತಿರುವುದರಿಂದ ಸಿದ್ಧವಾಗಿ ಕಪಾಟಿನಲ್ಲಿರುವುದನ್ನೇ ಆರಿಸಿ, ನವೆಂಬರ್ ಮೊದಲ ವಾರದೊಳಗೆ ಅವರ ಮನೆಗೆ ತಲುಪುವಂತೆ ನೋಡಿಕೊಳ್ಳಿ.

ಒಂದೇ ಕ್ಯಾಸೆಟ್‌ನಲ್ಲಿ ಹಲವು ಆಟಗಳ ಫೈಲುಗಳನ್ನು ಹಾಕಿ ಆಡಬೇಕೆಂದಿದ್ದರೆ ಎವರ್‌ಡ್ರೈವ್ ಎಂಬುದಿದೆ. ಅದರ ಎನ್8 ಮಾದರಿ 60 ಪಿನ್ನಿನಲ್ಲೂ ದೊರೆಯುತ್ತದೆ. ಆದರೆ ಕ್ಲೋನ್ ಯಂತ್ರಗಳಲ್ಲಿ ಅದು ನಡೆದೇ ನಡೆಯುತ್ತದೆ ಎನ್ನುವಂತಿಲ್ಲ, ಬೆಲೆಯೂ ಹೆಚ್ಚು. ಮೊದಲ ಖರೀದಿಗೆ ನಾನು ಅದನ್ನು ಸೂಚಿಸುವುದಿಲ್ಲ.

ಬೆಂಗಳೂರಿನಿಂದ

ಮೇಲಿನವರೆಲ್ಲ ಕೊಳ್ಳುವ ಬಗ್ಗೆ ಬರೆದಿದ್ದಾರೆ. ಮಗಳಿಗೆ ಹನ್ನೊಂದು ವರ್ಷ ಎಂದಿರಿ, ಅದಕ್ಕಾಗಿ ಮಾಡುವ ಬಗ್ಗೆ ಒಂದಿಷ್ಟು ಬರೆಯುತ್ತೇನೆ. ಜಿಬಿ ಸ್ಟುಡಿಯೋ ಎಂಬ ಉಚಿತ ತಂತ್ರಾಂಶ 2019ರಲ್ಲಿ ಬಂತು. ಪ್ರೋಗ್ರಾಮಿಂಗ್ ಗೊತ್ತಿಲ್ಲದವರೂ ಅದರಲ್ಲಿ ಚಿತ್ರಗಳನ್ನು ಜೋಡಿಸಿ ನಿಜವಾದ ಗೇಮ್ ಬಾಯ್ ಯಂತ್ರದಲ್ಲಿ ಓಡುವ ಆಟ ಮಾಡಬಹುದು. ಕಳೆದ ಬೇಸಿಗೆ ರಜೆಯಲ್ಲಿ ನಾನೂ ನನ್ನ ಮಗನೂ ಸೇರಿ ಅಜ್ಜಿಯ ಕಳೆದುಹೋದ ಕನ್ನಡಕ ಹುಡುಕುವ ಒಂದು ಪುಟ್ಟ ಆಟ ಮಾಡಿದೆವು. ಮಾತುಗಳು ಕನ್ನಡದಲ್ಲಿಯೇ ಇರಲಿ ಎಂದು ಅವನು ಹಟ ಹಿಡಿದ.

ಅಲ್ಲಿಯೇ ನಿಜವಾದ ಕೆಲಸ ಶುರುವಾಯಿತು. ಈ ಯಂತ್ರಗಳು ಪರದೆಯನ್ನು 8 ಚುಕ್ಕಿ ಅಗಲ, 8 ಚುಕ್ಕಿ ಎತ್ತರದ ಬಿಲ್ಲೆಗಳಿಂದ ಕಟ್ಟುತ್ತವೆ. ಇಂಗ್ಲಿಷಿನ ಒಂದು ಅಕ್ಷರ ಒಂದು ಬಿಲ್ಲೆಯಲ್ಲಿ ಕೂರುತ್ತದೆ. ನಮ್ಮ 'ಅಜ್ಜಿ'ಯ 'ಜ್ಜಿ'ಯನ್ನು 8 ಚುಕ್ಕಿಯಲ್ಲಿ ಬರೆಯಲು ಹೋದರೆ ಒತ್ತಕ್ಷರ ಕೇವಲ ಕಲೆಯಂತೆ ಕಾಣುತ್ತದೆ. ನಾಲ್ಕು ಬಿಲ್ಲೆ ಸೇರಿಸಿ 16 ಚುಕ್ಕಿಯ ಚೌಕ ಮಾಡಿಕೊಂಡಾಗ ಮಾತ್ರ ಮೇಲೆ ಗುಡಿಸು, ಕೆಳಗೆ ಒತ್ತು ಎರಡೂ ಓದುವಂತಾದವು. ಹಾಗೆ ಮಾಡಿದರೆ 160 ಚುಕ್ಕಿ ಅಗಲದ ಗೇಮ್ ಬಾಯ್ ಪರದೆಯಲ್ಲಿ ಒಂದು ಸಾಲಿಗೆ ಹತ್ತೇ ಅಕ್ಷರ. ಕಾಗುಣಿತ, ಒತ್ತಕ್ಷರಗಳ ಪಟ್ಟಿ ಪೂರ್ತಿ ಹಿಡಿಸುವಷ್ಟು ಜಾಗವಿಲ್ಲ, ಆದ್ದರಿಂದ ಆಟದಲ್ಲಿ ನಿಜವಾಗಿ ಬರುವ ಅಕ್ಷರಗಳನ್ನಷ್ಟೇ ಬರೆದುಕೊಂಡು, ಅಕ್ಷರ ಉಳಿಸುವ ಸಲುವಾಗಿ ಮಾತುಗಳನ್ನೇ ತಿದ್ದಿದೆವು. 'ಎಲ್ಲಿಟ್ಟೆನೋ ನೆನಪಿಲ್ಲ' ಎಂಬುದು 'ಮರೆತೆ ಮಗಾ' ಆಯಿತು, ಅಜ್ಜಿಯ ಬಾಯಲ್ಲಿ ಅದೇ ಹೆಚ್ಚು ಸಹಜವಾಗಿ ಕೇಳಿಸಿತು. ಮಗ ಗ್ರಾಫ್ ಹಾಳೆಯ ಮೇಲೆ ಪೆನ್ಸಿಲಿನಲ್ಲಿ ಚೌಕ ತುಂಬುತ್ತ 'ಕ್ಷ' ಬರೆಯಲು ಒಂದು ಇಡೀ ಮಧ್ಯಾಹ್ನ ತೆಗೆದುಕೊಂಡ.

ಆಡಿ ನೋಡಲು ಉಚಿತವಾದ ಒಳ್ಳೆಯ ಗೇಮ್ ಬಾಯ್ ಆಟ ಬೇಕಿದ್ದರೆ 2017ರ ಟೋಬು ಟೋಬು ಗರ್ಲ್ ಇದೆ. ಬಲೂನಿಗೆ ಸಿಕ್ಕಿ ಹಾರಿಹೋದ ಬೆಕ್ಕನ್ನು ಹಿಡಿಯಲು ಹುಡುಗಿಯೊಬ್ಬಳು ಮೇಲಕ್ಕೆ ನೆಗೆಯುವ ಆಟ. ಅದನ್ನು ಹೇಗೆ ಬರೆದರು ಎಂಬ ಮೂಲ ಸಂಕೇತವನ್ನೂ ಲೇಖಕರು ತೆರೆದಿಟ್ಟಿದ್ದಾರೆ, ಕಲಿಯುವ ಮಕ್ಕಳಿಗೆ ಅದು ದೊಡ್ಡ ಉಪಕಾರ.

ಮತ್ತೆ ಸಾಗರದಿಂದ

ಇಷ್ಟು ವಿವರವಾಗಿ ಬರೆದ ಎಲ್ಲರಿಗೂ ಕೃತಜ್ಞತೆಗಳು. ಪೇಟೆಯ ರಿಪೇರಿಯವರು ಯಂತ್ರದ ಐದು ಕೆಪಾಸಿಟರುಗಳನ್ನು ಬದಲಾಯಿಸಿಕೊಟ್ಟರು. ಹಳದಿ ಕ್ಯಾಸೆಟ್‌ನ ಪಟ್ಟಿಗಳನ್ನು ಎಣಿಸಿದೆ, ಪಕ್ಕಕ್ಕೆ ಮೂವತ್ತೇ ಇವೆ. ಮೆಸೆನ್‌ನಲ್ಲಿ ಡೆಂಡಿ ಆಯ್ಕೆ ಹಾಕಿ ಬೋಬ್ಲ್ ಆಡಿದೆವು, ಮಗಳು ನನಗಿಂತ ಎರಡು ಕೋಣೆ ಮುಂದಿದ್ದಾಳೆ. ಭಾವನವರಿಗೆ ಮೈಕ್ರೋ ಮೇಜಸ್ ಒಂದನ್ನೇ ಹೇಳಿದ್ದೇನೆ. ಅಡಾಪ್ಟರ್ ಮಾರುವವರಿಗೆ 45 ಮತ್ತು 46ನೆಯ ಪಿನ್ನುಗಳ ಬಗ್ಗೆ ಬರೆದು ಕೇಳಿದ್ದೆ, ಕೂಡಿಸಿದೆ ಎಂದು ಬೋರ್ಡಿನ ಫೋಟೋ ಸಮೇತ ಉತ್ತರ ಬಂದಿದೆ.