‘ನಿಯಮಿತ’ ಅಂದ್ರ ಲಿಮಿಟೆಡ್ ಹೆಂಗಾತು?

ಎಲ್ಲಾರಿಗೂ ನಮಸ್ಕಾರ್ರಿ, ಸಿಂಧನೂರಿಂದ ಬರಿಯಾಕತ್ತೀನಿ. ನಮ್ ತಮ್ಮ ಬೆಂಗಳೂರಾಗಿನ ನೌಕರಿ ಬಿಟ್ಟು ಊರಿಗೆ ಬಂದು ಮನ್ಯಾಗ ಕುಂತು ಎರಡು ಮೂರು ಕಡೆ ಸಾಫ್ಟ್‌ವೇರ್ ಕೆಲಸ ಮಾಡಿಕೊಡ್ತಾನ, ಬಿಲ್ ತನ್ನ ಹೆಸರಿಲೇ ಕೊಡ್ತಿದ್ದ, ಈಗ ಒಬ್ರು ಕಂಪನಿ ಹೆಸರಿಲೇ ಬಿಲ್ ಬೇಕಂದ್ರಂತ ಒಬ್ಬನ ಮ್ಯಾಗ ಆಗೋ ಪ್ರೈವೇಟ್ ಲಿಮಿಟೆಡ್ ಮಾಡಿಸ್ಯಾನ. 2013ರ ಕಂಪನಿ ಕಾಯ್ದೆಯಾಗ ಬಂದ ನಮೂನಿ ಇದು, ಶೇರುದಾರ ಒಬ್ಬನೇ ಇದ್ರ ಸಾಕು, ಜೊತಿಗೆ ಒಬ್ಬರ ಹೆಸರು ನಾಮಿನಿ ಅಂತ ಕೊಡಬೇಕು. ನಾಮಿನಿ ನಾನಾ ಆಗೀನಿ.

ಅದೇ ಕಾಯ್ದೆಯ 12ನೇ ಕಲಮಿನ ಪ್ರಕಾರ ಆಫೀಸಿನ ಹೊರಗ ಕಂಪನಿ ಹೆಸರು ಆ ಊರಿನ ಭಾಷೆಯ ಅಕ್ಷರದಾಗೂ ಇರಬೇಕು. ಅಕ್ಷರ ಅಂತ ಐತಿ, ಪದ ಅಂತ ಇಲ್ಲ, ಹಂಗಾಗಿ ‘ಪ್ರೈವೇಟ್ ಲಿಮಿಟೆಡ್’ ಅಂತ ಕನ್ನಡದಾಗ ಬರಿಸಿದ್ರ ನಡಿತೈತಿ. ಆದ್ರ ಪೇಂಟರ್ ‘ಖಾಸಗಿ ನಿಯಮಿತ’ ಅಂತ ಬರೀಲೇನ್ರಿ ಅಂದ, ಅವತ್ತಿಂದ ತಲಿಯಾಗ ಹುಳ ಹೊಕ್ಕೈತಿ.

ನಮ್ ಜಿಲ್ಲಾದಾಗ ಈ ಪದ ಕಣ್ಣಿಗೆ ಬೀಳದ ದಿನಾನ ಇಲ್ಲ. ಹಟ್ಟಿ ಚಿನ್ನದ ಗಣಿ ಕಂಪನಿ ನಿಯಮಿತ, ಶಕ್ತಿನಗರದ ಥರ್ಮಲ್ ನಡಸೋ ಕರ್ನಾಟಕ ವಿದ್ಯುತ್ ನಿಗಮ ನಿಯಮಿತ, ಸೊಸೈಟಿ ಬೋರ್ಡಿನ ಕೊನಿಗೆ ಬರೋ ಬರೇ ‘ನಿ.’. ಆದ್ರ ಡಾಕ್ಟರು ನಿಯಮಿತವಾಗಿ ಮಾತ್ರಿ ತಗೋರಿ ಅಂದ್ರ ತಪ್ಪದ ತಗೋರಿ ಅಂತ ಅರ್ಥ. ಈ ಪದದ ಕೊನಿಗಿರೋ ‘ಮಿತ’ ನೋಡಿ ಪರಿಮಿತದ ಮಿತ ಅಂದ್ಕೊಂತೀವಿ, ಅದು ಅಲ್ಲ, ನಿಯಮ ಅನ್ನೋದಕ್ಕ ‘ಇತ’ ಸೇರಿ ಆದದ್ದು, ಅಂದ್ರ ನಿಯಮಕ್ಕ ಒಳಪಟ್ಟಿದ್ದು, ಕಟ್ಟಿನಾಗ ಇರೋದು. ಮರಾಠಿಯವರು ‘ಮರ್ಯಾದಿತ’ ಅಂತಾರ, ಅಲ್ಲಿ ಮರ್ಯಾದಾ ಅಂದ್ರ ಎಲ್ಲೆ, ಅರ್ಥಕ್ಕ ಅದೇ ಹತ್ರ.

ನಮ್ಮಪ್ಪ ಬೋರ್ಡ್ ನೋಡಿ ಕೇಳಿದ್ದು ಒಂದೇ ಮಾತು: “ನಾಳೆ ಇದು ಮುಳುಗಿದ್ರ ಸಾಲ ಹೊಲದ ಮ್ಯಾಗ ಬರ್ತೈತೇನು?” ಲಿಮಿಟೆಡ್ ಅನ್ನೋದರ ಪೂರಾ ಅರ್ಥ ಇದರಾಗ ಬಂತು ನೋಡ್ರಿ. ಮಿತಿ ಇರೋದು ಕಂಪನಿಗಲ್ಲ, ಶೇರುದಾರನ ಹೊಣಿಗೆ. ಶೇರಿಗೆ ಹಾಕಿದ್ದಷ್ಟೇ ಹೊಕ್ಕೈತಿ, ಮನಿ ಹೊಲ ಉಳಿತಾವು, ಆದ್ರ ಬ್ಯಾಂಕಿನವರು ಸಾಲ ಕೊಡೋವಾಗ ಅವನ ಸ್ವಂತ ಗ್ಯಾರಂಟಿಗೆ ಸೈನ್ ತಗೊಂಡಿದ್ರ ಆ ಸಾಲ ಅವನ ಮೈಮ್ಯಾಗ ಬರ್ತೈತಿ. ‘ನಿಯಮಿತ’ದಾಗ ಇದರ ಸುಳಿವೇ ಇಲ್ಲ. ನನಗ ‘ಹೊಣೆಮಿತಿ ಕಂಪನಿ’ ಚೊಲೋ ಅನಸ್ತೈತಿ, ಉದ್ದ ಆದ್ರೂ ಓದಿದವನಿಗೆ ವಿಷಯ ತಿಳಿತೈತಿ. ನಿಮಗ ಹೆಂಗನಸ್ತೈತಿ ಹೇಳ್ರಿ.

ಇನ್ನೊಂದು ಪದಾನೂ ಕೇಳೋದೈತಿ. ತಮ್ಮನ ಕೆಲಸಕ್ಕ ಏನನ್ಬೇಕು? ಗುತ್ತೇದಾರ ಅಂದ್ರ ಇಲ್ಲಿ ಯಾ ರೋಡಿನ ಕೆಲಸ, ಯಾ ಕಾಲುವಿ ಕೆಲಸ ಹಿಡಿದ್ಯೋ ಅಂತಾರ, ಗುತ್ತಿಗೆ ನೌಕರ ಅಂದ್ರ ಏಜೆನ್ಸಿ ಕೈಕೆಳಗ ಪಗಾರಕ್ಕ ದುಡಿಯೋನು. ಇವನು ಎರಡೂ ಅಲ್ಲ. ತುಂಗಭದ್ರಾ ಎಡದಂಡಿ ಕಾಲುವಿ ಹೊಲದಾಗ ಭತ್ತದ ನಾಟಿಗೆ ಬರೋರು ದಿನಗೂಲಿ ಬ್ಯಾಡ ಅಂತ ಎಕರೆಗೆ ಇಷ್ಟು ಅಂತ ಗುತ್ತಿಗೆ ಮಾತಾಡ್ಕೊಂಡು, ತಮ್ಮ ಕೆಲಸ ತಾವು ಮುಗಿಸಿ ಇನ್ನೊಬ್ರ ಹೊಲಕ್ಕ ಹೋಗ್ತಾರಲ್ಲ, ಇವನದೂ ಥೇಟ್ ಅದೇ ಲೆಕ್ಕ. ಅಂಥೋರಿಗೆ ನಿಮ್ ಕಡೆ, ಕೊಪ್ಪಳ ಬಳ್ಳಾರಿ ಕಡೇನೂ ಸೇರಿ, ಒಂದು ಹೆಸರೈತೇನ್ರಿ?