ಸಹಾಯ ಬೇಕು: ಮೊಡವೆಗೆ ನೀಲಿ ಬೆಳಕಿನ ಚಿಕಿತ್ಸೆ ನಿಲ್ಲಿಸಬೇಕೇ?

ನನ್ನ ಮಗಳಿಗೆ 17 ವರ್ಷ. ಎರಡು ವರ್ಷಗಳಿಂದ ಹಣೆ, ಕೆನ್ನೆಗಳ ಮೇಲೆ ಮೊಡವೆ. ಗಂಟುಗಳಿಲ್ಲ, ಕೆಂಪು ಗುಳ್ಳೆಗಳು ಮತ್ತು ಬ್ಲ್ಯಾಕ್‌ಹೆಡ್‌ಗಳು. ಬೆಂಜಾಯಿಲ್ ಪೆರಾಕ್ಸೈಡ್ ಎಂಬ ಮೊಡವೆ ಮುಲಾಮು ಹಚ್ಚಿದರೆ ಚರ್ಮ ಉರಿದು ಸುಲಿಯುತ್ತದೆ, ಅಡಾಪಲೀನ್ ಎಂಬ ಇನ್ನೊಂದು ಮುಲಾಮು ಕೂಡ ಒಗ್ಗಲಿಲ್ಲ. ಮಾತ್ರೆ ಬೇಡವೆಂದು ಅವಳೇ ಹಟ ಹಿಡಿದಿದ್ದಾಳೆ.

ಹಾಗಾಗಿ ಐದು ವಾರಗಳಿಂದ 415 ನ್ಯಾನೋಮೀಟರ್ ತರಂಗಾಂತರದ ನೀಲಿ ಎಲ್‌ಇಡಿ ಮುಖವಾಡ ಬಳಸುತ್ತಿದ್ದೇವೆ. ಮೊಡವೆಯ ಬ್ಯಾಕ್ಟೀರಿಯಾದೊಳಗೆ ಪೋರ್ಫಿರಿನ್ ಎಂಬ ವಸ್ತು ಇರುತ್ತದೆ. ಅದು ನೀಲಿ ಬೆಳಕನ್ನು ಹೀರಿಕೊಂಡಾಗ ಆ ಬ್ಯಾಕ್ಟೀರಿಯಾವೇ ಸಾಯುತ್ತದೆ ಎಂಬುದು ಇದರ ತತ್ವ. ಕೆಂಪು ಗುಳ್ಳೆಗಳು ನಿಜಕ್ಕೂ ಇಳಿದಿವೆ. ಬ್ಲ್ಯಾಕ್‌ಹೆಡ್‌ಗಳು ಮಾತ್ರ ಜಪ್ಪಯ್ಯ ಎಂದರೂ ಕದಲಿಲ್ಲ.

ನನಗೆ ಭಯ ಹುಟ್ಟಿಸಿರುವುದು ಕಲೆಗಳು. ಗುಳ್ಳೆ ಮಾಗಿದ ಜಾಗದ ಕಂದು ಕಲೆಗಳು ಮೊದಲಿಗಿಂತ ಗಾಢವಾಗಿವೆ. ಕನ್ನಡಿಯ ಮುಂದೆ ನಿಂತು ಅವಳು ಎಡಗೆನ್ನೆಯ ಮೇಲೆ ಕೂದಲು ಎಳೆದುಕೊಳ್ಳುವುದನ್ನು ಕಂಡರೆ ಕರುಳು ಚುರುಕ್ಕೆನ್ನುತ್ತದೆ. ಕಂದು ಚರ್ಮವನ್ನು ನೀಲಿ ಬೆಳಕು ಇನ್ನಷ್ಟು ಕಪ್ಪಾಗಿಸಬಲ್ಲದು ಎಂದು ಓದಿದ್ದೇನೆ. ಆದರೆ ಅವಳಿಗೆ ಗುಳ್ಳೆ ಚಿವುಟುವ ಅಭ್ಯಾಸವೂ ಇದೆ. ಕಾರಣ ಯಾವುದೆಂದು ತಿಳಿಯುತ್ತಿಲ್ಲ.

ಕಂದು ಮೈಬಣ್ಣದವರು ಯಾರಾದರೂ ಇದನ್ನು ಬಳಸಿದ್ದೀರಾ? ನಿಮಗೂ ಕಲೆ ಗಾಢವಾಯಿತೇ, ನಿಲ್ಲಿಸಿದ ಮೇಲೆ ತಿಳಿಯಾಯಿತೇ? ಚರ್ಮವೈದ್ಯರನ್ನು ಕಾಣಲು ಇನ್ನೂ ಮೂರು ವಾರ ಇದೆ. ಅಲ್ಲಿಯವರೆಗೆ ಪೂರ್ತಿ ನಿಲ್ಲಿಸಲೇ, ನೀಲಿಯ ಬದಲು ಕೆಂಪು ಬೆಳಕನ್ನಷ್ಟೇ ಬಳಸಲೇ?